ಒಂದು ರಸಪ್ರಶ್ನೆ ಪಂದ್ಯ ಮತ್ತು ನನ್ನ ಎಂಟನೇ ತರಗತಿ

ಬೋಧನಾಭ್ಯಾಸದ ಎರಡನೇ ವಾರ ಎಂಟನೇ ತರಗತಿಯ ಗಣಿತಕ್ಕೆ ನಾನೊಂದು ರಸಪ್ರಶ್ನೆ ಇಟ್ಟುಕೊಂಡಿದ್ದೆ. ಮೇಜಿನ ಮೇಲೆ ಒಂದು ಗಂಟೆ. ಮೊದಲು ಬಾರಿಸಿದವರಿಗೆ ಉತ್ತರಿಸುವ ಅವಕಾಶ. ಅವಧಿ ಮುಗಿಯುವವರೆಗೂ ಗಂಟೆ ಬಾರಿಸಿದ್ದು ಮುಂದಿನ ಬೆಂಚಿನ ನಾಲ್ಕೇ ಹುಡುಗರು. ಅದೂ ನಾನು ಪ್ರಶ್ನೆಯನ್ನು ಅರ್ಧ ಓದುವಷ್ಟರಲ್ಲೇ. ತರಗತಿ ಗಲಗಲ ಎನ್ನುತ್ತಿದ್ದುದರಿಂದ ಪಾಠ ಚೆನ್ನಾಗಿ ನಡೆಯಿತೆಂದೇ ಅಂದುಕೊಂಡೆ. ಮಾರ್ಗದರ್ಶಕ ಶಿಕ್ಷಕಿ ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: "ತರಗತಿಯಲ್ಲಿ ನಲವತ್ತೆರಡು ಮಕ್ಕಳಿದ್ದರು."

ಆ ಸಾಲು ಮನಸ್ಸಿನಲ್ಲಿ ಕೊರೆಯುತ್ತಿದ್ದಾಗ ನೆನಪಾದದ್ದು ಅಮೆರಿಕದ 'ಜೆಪರ್ಡಿ' ಎಂಬ ದೂರದರ್ಶನ ರಸಪ್ರಶ್ನೆ ಕಾರ್ಯಕ್ರಮ. 2020ರ ಜನವರಿಯಲ್ಲಿ ಅದರ ಮೂವರು ಹಳೆಯ ಚಾಂಪಿಯನ್ನರನ್ನು ಮತ್ತೆ ಕರೆಸಿ ಒಂದು ಪಂದ್ಯಾವಳಿ ನಡೆಸಿದರು. 2004ರಲ್ಲಿ ಸತತ 74 ಆಟ ಗೆದ್ದ ಕೆನ್ ಜೆನ್ನಿಂಗ್ಸ್, 2019ರಲ್ಲಿ ಸತತ 32 ಆಟ ಗೆದ್ದ ಜೇಮ್ಸ್ ಹೋಲ್ಜ್‌ಹೌವರ್, ಹಿಂದಿನ ಪಂದ್ಯಾವಳಿಗಳಲ್ಲಿ ಜೆನ್ನಿಂಗ್ಸ್ ಅವರನ್ನೇ ಸೋಲಿಸಿದ್ದ ಬ್ರಾಡ್ ರಟ್ಟರ್. ಒಂದು ಪಂದ್ಯಕ್ಕೆ ಎರಡು ಆಟ, ಎರಡರ ಅಂಕಗಳೂ ಸೇರುತ್ತವೆ. ಮೊದಲು ಮೂರು ಪಂದ್ಯ ಗೆದ್ದವರಿಗೆ ಹತ್ತು ಲಕ್ಷ ಡಾಲರ್. ಮೊದಲ ಪಂದ್ಯದಲ್ಲಿ ಜೆನ್ನಿಂಗ್ಸ್ 63,400, ಹೋಲ್ಜ್‌ಹೌವರ್ 63,200. ಅಂತರ ಬರೀ 200 ಅಂಕ!

ಈ ಆಟದಲ್ಲಿ ನನ್ನ ತರಗತಿಗೆ ಬೇಕಾದ ಎರಡು ಸಂಗತಿಗಳಿದ್ದವು.

ಮೊದಲನೆಯದು ಗುಂಡಿಯ ನಿಯಮ. ನಿರೂಪಕರು ಸುಳಿವನ್ನು ಪೂರ್ತಿ ಓದಿ ಮುಗಿಸುವವರೆಗೆ ಗುಂಡಿ ಕೆಲಸ ಮಾಡುವುದಿಲ್ಲ. ಓದಿ ಮುಗಿದ ಮೇಲೆ ಫಲಕದ ಪಕ್ಕದ ದೀಪಗಳು ಹೊತ್ತಿಕೊಳ್ಳುತ್ತವೆ. ಅದಕ್ಕೂ ಮೊದಲು ಒತ್ತಿದವರ ಗುಂಡಿ ಕಾಲು ಸೆಕೆಂಡ್ ಕಟ್ಟಿಹೋಗುತ್ತದೆ. ಅಷ್ಟರಲ್ಲಿ ಇನ್ನೊಬ್ಬರು ಒತ್ತಿರುತ್ತಾರೆ. ನಮ್ಮ ಮನೆಗಳಲ್ಲಿ 'ಥಟ್ ಅಂತ ಹೇಳಿ' ನೋಡಿ ಬೆಳೆದ ನನಗೆ ರಸಪ್ರಶ್ನೆ ಎಂದರೆ ವೇಗ ಎಂದೇ ಅನಿಸಿತ್ತು. ಇಲ್ಲಿ ಚಾಂಪಿಯನ್ನರೂ ಕೊನೆಯ ಪದದವರೆಗೆ ಕಾಯಲೇಬೇಕು. ಮೇರಿ ಬಡ್ ರೋ ಅವರು 1970ರ ದಶಕದಲ್ಲಿ ಹೇಳಿದ್ದೂ ಕಾಯುವ ವಿಷಯವನ್ನೇ: ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ, ಮೂರು ಸೆಕೆಂಡ್ ಅಥವಾ ಹೆಚ್ಚು ಕಾದರೆ ಉತ್ತರಗಳು ದೀರ್ಘವಾಗುತ್ತವೆ, ಹೆಚ್ಚು ಮಕ್ಕಳು ಬಾಯಿ ತೆರೆಯುತ್ತಾರೆ. ಪರೀಕ್ಷೆಗೆ ನಾನಿದನ್ನು ಓದಿದ್ದೆ. ತರಗತಿಯಲ್ಲಿ ಮಾತ್ರ ಮರೆತಿದ್ದೆ.

ಎರಡನೆಯದು ಪಣ. ಆಟದ ಕೊನೆಯಲ್ಲಿ ಒಂದೇ ಸುಳಿವು ಇರುತ್ತದೆ. ವಿಷಯ ತಿಳಿಸಿದ ಕೂಡಲೇ, ಸುಳಿವು ಕಾಣುವ ಮೊದಲೇ, ಆ ಆಟದ ಅಂಕಗಳಲ್ಲಿ ಎಷ್ಟನ್ನು ಪಣಕ್ಕಿಡುತ್ತೇವೆಂದು ಬರೆಯಬೇಕು. ಸರಿಯಾದರೆ ಅಷ್ಟು ಕೂಡುತ್ತದೆ, ತಪ್ಪಾದರೆ ಅಷ್ಟು ಕಳೆಯುತ್ತದೆ. ನಾಲ್ಕನೇ ಪಂದ್ಯದ ಕೊನೆಯ ಸುಳಿವಿಗೆ ಮುಂಚಿನ ಸ್ಥಿತಿ ಹೀಗಿತ್ತು: ಜೆನ್ನಿಂಗ್ಸ್ ಮೊದಲ ಆಟದಲ್ಲಿ 65,600, ಎರಡನೆಯದರಲ್ಲಿ 23,000, ಒಟ್ಟು 88,600. ಹೋಲ್ಜ್‌ಹೌವರ್ 34,181 ಮತ್ತು 44,000, ಒಟ್ಟು 78,181.

ಹೋಲ್ಜ್‌ಹೌವರ್ 44,000 ಪೂರ್ತಿ ಇಟ್ಟು ಸರಿಯುತ್ತರ ಕೊಟ್ಟರೆ 1,22,181. ಜೆನ್ನಿಂಗ್ಸ್ ತಮ್ಮ 23,000 ಪೂರ್ತಿ ಇಟ್ಟು ಗೆದ್ದರೂ 1,11,600. ಅಂದರೆ ಎಷ್ಟು ಪಣ ಇಟ್ಟರೂ ಅವರನ್ನು ಮುಟ್ಟಲಾಗದು. ಇನ್ನು ಹೋಲ್ಜ್‌ಹೌವರ್ ಉತ್ತರ ತಪ್ಪಾದರೆ, ಏನನ್ನೂ ಇಡದ ಜೆನ್ನಿಂಗ್ಸ್ 88,600ರಲ್ಲೇ ಮುಂದಿರುತ್ತಾರೆ. ಹಾಗಾಗಿ ಅವರು ಬರೆದ ಪಣ ಸೊನ್ನೆ. ಸುಳಿವು ಷೇಕ್ಸ್‌ಪಿಯರ್ ದುರಂತ ನಾಟಕಗಳದ್ದು: ನಾಟಕದ ಹೆಸರಿನಲ್ಲಿಲ್ಲದ ಪಾತ್ರಗಳ ಪೈಕಿ ಅತಿ ಹೆಚ್ಚು, 272 ಬಾರಿ ಮಾತನಾಡುವವನು ಯಾರು? ಪೂರ್ತಿ ಪಣವಿಟ್ಟಿದ್ದ ಹೋಲ್ಜ್‌ಹೌವರ್ ಹೊರೇಷಿಯೋ ಎಂದರು. ಸರಿಯುತ್ತರ ಇಯಾಗೋ. ಜೆನ್ನಿಂಗ್ಸ್ ಮೂರನೇ ಪಂದ್ಯ ಗೆದ್ದು ಪಂದ್ಯಾವಳಿಯನ್ನೂ ಗೆದ್ದರು.

ಮುಂದಿನ ವಾರ 'ಒಂದು ಚರಾಕ್ಷರವುಳ್ಳ ರೇಖಾತ್ಮಕ ಸಮೀಕರಣಗಳು' ಪಾಠಕ್ಕೆ ಇದನ್ನೇ ಪೀಠಿಕೆಯಾಗಿ ಬಳಸಿದೆ. ಗಂಟೆ ತೆಗೆದಿಟ್ಟು ಒಂದು ಹಸಿರು ರಟ್ಟು ತಂದೆ. ಪ್ರಶ್ನೆ ಓದಿ ಮುಗಿಸಿ, ಮನಸ್ಸಿನಲ್ಲೇ ಐದರವರೆಗೆ ಎಣಿಸಿ, ರಟ್ಟು ಎತ್ತಿದ ಮೇಲಷ್ಟೇ ಕೈ ಎತ್ತಬೇಕು. ಅಷ್ಟರಲ್ಲಿ ಎಲ್ಲರೂ ನೋಟ್‌ಬುಕ್ಕಿನಲ್ಲಿ ಉತ್ತರ ಬರೆದಿರಬೇಕು. ತಪ್ಪಿಗೆ ಅಂಕ ಕಳೆಯುವ ನಿಯಮವನ್ನು ಮಾತ್ರ ಕೈಬಿಟ್ಟೆ. ಚಾಂಪಿಯನ್ನರಿಗೆ ಅದು ಆಟ, ಹಿಂಜರಿಯುವ ಮಗುವಿಗೆ ಅದು ಸುಮ್ಮನಿರಲು ಇನ್ನೊಂದು ಕಾರಣ.

ಪ್ರಶ್ನೆ ಇದು: ಜೆನ್ನಿಂಗ್ಸ್ ಸೊನ್ನೆ ಇಟ್ಟಾಗ, ಗೆಲ್ಲಲು ಹೋಲ್ಜ್‌ಹೌವರ್ ಕನಿಷ್ಠ ಎಷ್ಟು ಪಣ ಇಡಬೇಕಿತ್ತು? ಫಲಕದ ಮೇಲೆ 78,181 + ಕ್ಷ = 88,600 ಎಂದು ಬರೆದೆವು. ಮುಂದಿನ ಬೆಂಚಿನಿಂದ 10,419 ಎಂದು ಬಂತು. ನಾನು ರಟ್ಟನ್ನು ಇಳಿಸಿ ಮತ್ತೆ ಕಾದೆ. ಕಿಟಕಿ ಪಕ್ಕದ ಕೊನೆಯ ಬೆಂಚಿನಿಂದ, ಎರಡು ವಾರದಲ್ಲಿ ಒಮ್ಮೆಯೂ ಮಾತನಾಡದ ಹುಡುಗಿ ಎದ್ದು ನಿಂತಳು. "ಅಷ್ಟಿಟ್ರೆ ಇಬ್ಬರದೂ ಸಮ ಆಗುತ್ತೆ ಸರ್. ಇನ್ನೊಂದು ಬೇಕು." 10,420. ಸಮೀಕರಣದ ಉತ್ತರ ಬೇರೆ, ಪ್ರಶ್ನೆಯ ಉತ್ತರ ಬೇರೆ ಎಂಬುದನ್ನು ನಾನು ಹೇಳಿಕೊಡಬೇಕೆಂದಿದ್ದೆ. ಅವಳೇ ಹೇಳಿಕೊಟ್ಟಳು.

ಕಾಯುವುದಕ್ಕೆ ಬೆಲೆಯೂ ಇದೆ. ಆ ದಿನ ಪಾಠ ಯೋಜನೆಯ ಕೊನೆಯ ಎರಡು ಲೆಕ್ಕಗಳು ಉಳಿದವು, ಮೌಲ್ಯಮಾಪನದ ಹಂತ ಅವಸರವಾಯಿತು. ಮುಂದಿನ ಪಾಠದಲ್ಲಿ ಪ್ರಶ್ನೆಗಳನ್ನು ಹತ್ತರಿಂದ ಆರಕ್ಕೆ ಇಳಿಸಿದೆ. ರಸಪ್ರಶ್ನೆ ಮಾಡಬೇಕೆಂದಿರುವ ಸಹಪಾಠಿಗಳಿಗೆ ನನ್ನ ಸಲಹೆ ಇಷ್ಟೇ: ಪ್ರಶ್ನೆ ಕಡಿಮೆ ಮಾಡಿ, ಗಂಟೆ ಬೇಡ, ಬರೆಯಲು ಸಮಯ ಕೊಡಿ. ಅವಧಿಯ ಕೊನೆಗೆ ಎಷ್ಟು ಪ್ರಶ್ನೆ ಮುಗಿಯಿತೆಂದು ಎಣಿಸುವ ಬದಲು, ಎಷ್ಟು ಮಕ್ಕಳು ಉತ್ತರಿಸಿದರೆಂದು ಎಣಿಸಿ. ನನ್ನ ಲೆಕ್ಕ ಆ ದಿನ ನಾಲ್ಕರಿಂದ ಹದಿನೇಳಕ್ಕೆ ಬಂದಿತ್ತು. ನಲವತ್ತೆರಡಕ್ಕೆ ಇನ್ನೂ ಇಪ್ಪತ್ತೈದು ಬಾಕಿ.