ಮೈಯೆಲ್ಲ ಕಿವಿಯಾಗುವ ಅಂಗಳ

ಶೃಂಗೇರಿ ತಾಲ್ಲೂಕಿನ ಕೆರೆಕಟ್ಟೆಯಂಥ ಕಾಡಂಚಿನ ಊರುಗಳಲ್ಲಿ ಬಯಲಾಟ ಇದ್ದ ರಾತ್ರಿ ರಂಗಸ್ಥಳದ ಹತ್ತಿರ ಕೂತವರಿಗೆ ಚೆಂಡೆಯ ಪೆಟ್ಟು ನೇರ ಎದೆಗೇ ಬಡಿಯುತ್ತದೆ, ಕಿವಿ ಕೇಳದವರಿಗೂ. ಆ ಕಡೆಯಿಂದ ಮಗುವಿನ ಕಿವಿ ತೋರಿಸಲು ಬೆಂಗಳೂರಿಗೆ ಬಂದವರು ಅರ್ಧ ದಿನ ಬಿಡುವು ಮಾಡಿಕೊಂಡು ಜೆ.ಪಿ. ನಗರ 7ನೇ ಹಂತದ ‘ಇಂಡಿಯನ್ ಮ್ಯೂಸಿಕ್ ಎಕ್ಸ್‌ಪೀರಿಯನ್ಸ್’ ಸಂಗ್ರಹಾಲಯಕ್ಕೆ ಹೋಗಬೇಕು. 2019ರಲ್ಲಿ ತೆರೆದ ಈ ಜಾಗ ಇರುವುದೇ ಸಂಗೀತಕ್ಕಾಗಿ.

ಒಳಗೆ ಹೋಗುವ ಮೊದಲು ಹೊರಗಿನ ‘ಸೌಂಡ್ ಗಾರ್ಡನ್’ ನೋಡಿ. ಆರೋವಿಲ್‌ನ ಸ್ವರಂ ತಂಡ ರೂಪಿಸಿದ ಕಲ್ಲು, ಲೋಹಗಳ ವಾದ್ಯಶಿಲ್ಪಗಳು ಇಲ್ಲಿವೆ. ತಟ್ಟಿ, ಮುಟ್ಟಿ ನೋಡಲೆಂದೇ ಮಾಡಿದವು. ಅವುಗಳಲ್ಲಿ ಗುನುಗುವ ಕಲ್ಲಿನ ಎದುರು ನಾನು ಹೆಚ್ಚು ಹೊತ್ತು ನಿಂತೆ. ಕೊರೆದ ಪೊಟರೆಯೊಳಗೆ ತಲೆ ತೂರಿಸಿ ಬಾಯಿ ಮುಚ್ಚಿ ‘ಮ್’ ಎನ್ನಬೇಕು. ಸ್ವರವನ್ನು ಮೆಲ್ಲಗೆ ಏರಿಸುತ್ತ, ಇಳಿಸುತ್ತ ಹೋದರೆ ಒಂದು ಕಡೆ ಪೊಟರೆ ಹಿಡಿದುಕೊಳ್ಳುತ್ತದೆ. ದವಡೆ, ಕೆನ್ನೆ, ನೆತ್ತಿಯೆಲ್ಲ ಜುಮ್ಮೆನ್ನುತ್ತವೆ. ಒಂದಿಷ್ಟು ಮೇಲೆ ಹೋದರೆ ಮಾಯ. ಶ್ರುತಿ ಕೂಡಿತೋ ತಪ್ಪಿತೋ ಎಂದು ತಿಳಿಯಲು ಇಲ್ಲಿ ಕಿವಿಯೇ ಬೇಕೆಂದಿಲ್ಲ.

ಚರ್ಮಕ್ಕೆ ಸೆಕೆಂಡಿಗೆ 200–300 ಕಂಪನಗಳು ಚೆನ್ನಾಗಿ ತಿಳಿಯುತ್ತವೆ. 1000 ದಾಟಿದರೆ ಬಹುತೇಕ ಏನೂ ತಿಳಿಯದು. ಹಾಗಾಗಿ ಮೃದಂಗದ ಎಡದ ಗುಂಕಾರ ಅಂಗೈಗೆ ಸಿಗುತ್ತದೆ, ಕೊಳಲಿನ ಮೇಲುಸ್ಥಾಯಿ ಸಿಗದು. ಜರ್ಮನಿಯ ಹ್ಯಾಂಬರ್ಗ್‌ನ ಯುವ ವಾದ್ಯವೃಂದವೊಂದಕ್ಕಾಗಿ ತಯಾರಾದ ‘ಸೌಂಡ್ ಶರ್ಟ್’ ನೆಚ್ಚಿಕೊಂಡಿದ್ದೂ ಚರ್ಮವನ್ನೇ: ಪುಟ್ಟ ಮೋಟಾರುಗಳು ಪಿಟೀಲನ್ನು ತೋಳಿಗೆ, ತಮಟೆಯಂಥವನ್ನು ಬೆನ್ನಿಗೆ ಮುಟ್ಟಿಸುತ್ತವೆ.

ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿದರೆ ಆಯಿತಲ್ಲ ಎನ್ನಬಹುದು. ಒಳಗಿವಿಯಲ್ಲಿ ಶಬ್ದವನ್ನು ನರಕ್ಕೆ ದಾಟಿಸುವ ಸುಮಾರು 3500 ರೋಮಕೋಶಗಳ ಕೆಲಸವನ್ನು ಅದು 20ರ ಆಸುಪಾಸಿನ ಎಲೆಕ್ಟ್ರೋಡ್‌ಗಳಿಂದ ಮಾಡಿಸುತ್ತದೆ. ಮಾತು ಹಿಡಿಯಲು ಅಷ್ಟು ಸಾಕಾಗುತ್ತದೆ, ತಾಳವೂ ದಕ್ಕುತ್ತದೆ. ರಾಗದ ಗಮಕ ಮಾತ್ರ ಜಾರುತ್ತದೆ. ಶ್ರವಣದ ವಿಚಾರಕ್ಕೆ 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಸಂಗೀತಕ್ಕೆ ಮೈಯ ದಾರಿಯೂ ಬೇಕು.

ಒಳಗಿನ ವಾದ್ಯಗಳ ಗ್ಯಾಲರಿ ಕಣ್ಣಿಗೆ ಹಬ್ಬ. ತಂತಿ ಎಲ್ಲಿ ಕಟ್ಟಿದ್ದಾರೆ, ಚರ್ಮ ಎಲ್ಲಿ ಬಿಗಿದಿದ್ದಾರೆ, ಬುರುಡೆ ಎಷ್ಟು ದೊಡ್ಡದು ಎಂದು ತೋರಿಸುತ್ತ ಹೋದರೆ ಹೊರಗೆ ಮೈಗೆ ತಾಗಿದ್ದು ಎಲ್ಲಿಂದ ಹುಟ್ಟಿತೆಂದು ಮಗುವಿಗೆ ಗೊತ್ತಾಗುತ್ತದೆ. ಸೋಮವಾರ ರಜೆ, ನೆನಪಿರಲಿ.

ಊರಿಗೆ ಹೋದ ಮೇಲೆ ‘ಸೌಂಡ್ ಶರ್ಟ್’ನಂಥ ದುಬಾರಿ ಅಂಗಿ ಬೇಕಿಲ್ಲ. ಸ್ಪೀಕರನ್ನು ಮರದ ಬೆಂಚಿನ ಮೇಲೆ ಬೋರಲು ಹಾಕಿ ಮಗುವಿನ ಅಂಗೈಯನ್ನು ಬೆಂಚಿಗೆ ಒತ್ತಿಸಿ, ಎದುರಿಗೆ ಕೂತು ಆದಿತಾಳದ 8 ಎಣಿಕೆ ಹಾಕಿ ತೋರಿಸಿ. ಶಾಲೆಯ ಕವಾಯತಿನಲ್ಲಿ ಮಗುವನ್ನು ಹಿಂದಿನ ಸಾಲಿಗೆ ತಳ್ಳುವ ಬದಲು ಡ್ರಮ್ ಬಾರಿಸಲು ಕೊಡಿ.