ಮಿಲ್ಪಿಟಾಸ್: ಜಿನಮಂದಿರವಿರುವ ಅಮೆರಿಕದ ಸಣ್ಣ ನಗರ, ಅದರ ಭೂಗೋಳ ಮತ್ತು ಜನಸಂಖ್ಯೆ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ನೌಕರಿಯಲ್ಲಿರುವ ಮಕ್ಕಳು ಮನೆಗೆ ಫೋನ್ ಮಾಡಿದಾಗ 'ಭಾನುವಾರ ಮಿಲ್ಪಿಟಾಸ್ ಮಂದಿರಕ್ಕೆ ಹೋಗಿದ್ದೆವು' ಎನ್ನುವುದನ್ನು ನಮ್ಮ ಸಮಾಜದ ಅನೇಕ ಹಿರಿಯರು ಕೇಳಿರಬಹುದು. ಈ ಊರು ಎಲ್ಲಿದೆ, ಎಷ್ಟು ದೊಡ್ಡದು, ಅಲ್ಲಿ ಜೈನರು ಎಷ್ಟು ಮಂದಿ ಎಂಬ ಪ್ರಶ್ನೆಗಳು ಸಹಜ. ಮೊದಲೆರಡಕ್ಕೆ ಉತ್ತರ ಸುಲಭ. ಮೂರನೆಯದಕ್ಕೆ ಅಮೆರಿಕ ಸರ್ಕಾರದ ಬಳಿಯೂ ಉತ್ತರವಿಲ್ಲ. ಅದು ಏಕೆ ಎಂಬುದನ್ನು ತಿಳಿಯುವುದು ನಮಗೂ ಅಗತ್ಯ.

ಎಲ್ಲಿದೆ?

ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ದಕ್ಷಿಣ ತುದಿಯಲ್ಲಿ, ಸಾಂಟಾ ಕ್ಲಾರಾ ಕೌಂಟಿಯಲ್ಲಿ ಮಿಲ್ಪಿಟಾಸ್ ಇದೆ. ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದಂತೆ. ಉತ್ತರಕ್ಕೆ ಫ್ರೀಮಾಂಟ್, ದಕ್ಷಿಣ ಮತ್ತು ಪಶ್ಚಿಮಕ್ಕೆ ದೊಡ್ಡ ನಗರವಾದ ಸ್ಯಾನ್ ಹೋಸೆ. ಸ್ಯಾನ್ ಫ್ರಾನ್ಸಿಸ್ಕೋ ಇಲ್ಲಿಂದ ಸುಮಾರು 65 ಕಿ.ಮೀ.

ನಗರದ ವಿಸ್ತೀರ್ಣ ಸುಮಾರು 35 ಚದರ ಕಿ.ಮೀ. ಪಶ್ಚಿಮ ಭಾಗ ಸಮುದ್ರಮಟ್ಟಕ್ಕಿಂತ ಸ್ವಲ್ಪವೇ ಎತ್ತರದ ಸಮತಟ್ಟು ನೆಲ. ಕಾಯೋಟಿ ಎಂಬ ಹೊಳೆ ಆ ಕಡೆಯಿಂದ ಕೊಲ್ಲಿಗೆ ಹರಿಯುತ್ತದೆ. ಪೂರ್ವಕ್ಕೆ ಹೋದಂತೆ ಬೆಟ್ಟದ ಸಾಲು ಏರುತ್ತದೆ. ಬೆಟ್ಟದ ಬುಡದಲ್ಲೇ ಹೇವರ್ಡ್ ಎಂಬ ಭೂಕಂಪದ ಬಿರುಕು ಹಾದುಹೋಗಿದೆ. ಬೆಟ್ಟದ ಮೇಲೆ ಮನೆಗಳು ವಿರಳ. ಜನವಸತಿ, ಕಾರ್ಖಾನೆ, ಕಚೇರಿ ಎಲ್ಲವೂ ಬಹುಪಾಲು ಕೆಳಗಿನ ಬಯಲಲ್ಲಿ. ಎರಡು ದೊಡ್ಡ ಹೆದ್ದಾರಿಗಳು (680 ಮತ್ತು 880) ಊರನ್ನು ಹಾದುಹೋಗುತ್ತವೆ. 2020ರಲ್ಲಿ ಬಾರ್ಟ್ ರೈಲು ನಿಲ್ದಾಣವೂ ಆರಂಭವಾಯಿತು.

ಜನ ಹೇಗೆ ಬೆಳೆದರು?

ಮೆಕ್ಸಿಕೋದ ಸ್ಪ್ಯಾನಿಷ್‌ನಲ್ಲಿ 'ಮಿಲ್ಪಾ' ಎಂದರೆ ಮೆಕ್ಕೆಜೋಳದ ಹೊಲ. 'ಮಿಲ್ಪಿಟಾಸ್' ಎಂದರೆ ಸಣ್ಣ ಸಣ್ಣ ಜೋಳದ ಹೊಲಗಳು. ಹೆಸರಿಗೆ ತಕ್ಕಂತೆ ಇದು ಬಹುಕಾಲ ಕೃಷಿಯ ಊರಾಗಿತ್ತು. 1954ರಲ್ಲಿ ನಗರವೆಂದು ನೋಂದಣಿಯಾದಾಗ ಇಲ್ಲಿ ಸಾವಿರ ಜನರೂ ಇರಲಿಲ್ಲ. 1955ರಲ್ಲಿ ಫೋರ್ಡ್ ಕಂಪನಿಯ ಕಾರು ಕಾರ್ಖಾನೆ ಬಂದ ಮೇಲೆ ಊರಿನ ಸ್ವರೂಪವೇ ಬದಲಾಯಿತು.

ಆ ಕಾರ್ಖಾನೆಯ ಕಪ್ಪು ಕಾರ್ಮಿಕರಿಗೆ ಸುತ್ತಮುತ್ತ ಮನೆ ಸಿಗುವುದು ಕಷ್ಟವಾಗಿತ್ತು. ಕಾರ್ಮಿಕ ಸಂಘದ ಪ್ರಯತ್ನದಿಂದ ಎಲ್ಲ ವರ್ಣದವರೂ ಕೂಡಿ ಬಾಳುವ ಸನ್ನಿಹಿಲ್ಸ್ ಎಂಬ ಬಡಾವಣೆ ಇಲ್ಲಿ ತಲೆಯೆತ್ತಿತು. ಅದೇ ಕಾರ್ಮಿಕ ಸಂಘದಿಂದ ಬಂದ ಬೆನ್ ಗ್ರಾಸ್ 1966ರಲ್ಲಿ ಮೇಯರ್ ಆದರು. ಕ್ಯಾಲಿಫೋರ್ನಿಯಾದ ಮೊದಮೊದಲ ಕಪ್ಪು ಮೇಯರ್‌ಗಳಲ್ಲಿ ಅವರೂ ಒಬ್ಬರು.

1983ರಲ್ಲಿ ಕಾರ್ಖಾನೆ ಮುಚ್ಚಿತು. ಅದೇ ಕಟ್ಟಡ 1994ರಲ್ಲಿ 'ಗ್ರೇಟ್ ಮಾಲ್' ಎಂಬ ದೊಡ್ಡ ಮಳಿಗೆಯಾಯಿತು. ಅಷ್ಟರಲ್ಲಿ ಸಿಲಿಕಾನ್ ಕಣಿವೆಯ ಕಂಪನಿಗಳು ಬಂದಿದ್ದವು. ಅವುಗಳ ಜೊತೆ ಏಷ್ಯಾದ ಕುಟುಂಬಗಳೂ ಬಂದವು. ಜನಗಣತಿಯ ಲೆಕ್ಕ ಹೀಗಿದೆ:

1960: 6,572
1990: 50,686
2000: 62,698
2010: 66,790
2020: 80,273

ಈಗ ಹತ್ತು ಜನರಲ್ಲಿ ಸುಮಾರು ಏಳು ಮಂದಿ ಏಷ್ಯಾ ಮೂಲದವರು. ವಿಯೆಟ್ನಾಂ, ಚೀನಾ, ಫಿಲಿಪ್ಪೀನ್ಸ್ ಮತ್ತು ಭಾರತ ಮೂಲದವರು ಇವರಲ್ಲಿ ಪ್ರಮುಖರು.

ಜೈನರು ಎಷ್ಟು?

ಉತ್ತರ ಕ್ಯಾಲಿಫೋರ್ನಿಯಾದ ಜೈನ ಕೇಂದ್ರದ ಜೈನ ಭವನ 2000ನೇ ಇಸವಿಯಲ್ಲಿ ಇಲ್ಲಿ ಪ್ರಾರಂಭವಾಯಿತು. ದಿಗಂಬರ, ಶ್ವೇತಾಂಬರ ಎಂಬ ಭೇದವಿಲ್ಲದೆ ಎಲ್ಲರೂ ಒಂದೇ ಸೂರಿನಡಿ ಸೇರುತ್ತಾರೆ. ಆದರೆ ಬರುವವರೆಲ್ಲ ಮಿಲ್ಪಿಟಾಸ್ ನಿವಾಸಿಗಳಲ್ಲ. ಫ್ರೀಮಾಂಟ್, ಸ್ಯಾನ್ ಹೋಸೆ ಮುಂತಾದ ಕೊಲ್ಲಿ ಪ್ರದೇಶದ ಊರುಗಳಿಂದಲೂ ಬರುತ್ತಾರೆ. ಎರಡು ಹೆದ್ದಾರಿಗಳ ನಡುವಿನ ಊರಾದ್ದರಿಂದ ಅದು ಸುಲಭ. ಹಾಗಾಗಿ ಪರ್ವದ ದಿನ ಮಂದಿರದಲ್ಲಿ ಸೇರಿದ ಜನರನ್ನು ನೋಡಿ ಊರಿನ ಜೈನರ ಸಂಖ್ಯೆ ಹೇಳಲಾಗದು.

ಜನಗಣತಿಯಲ್ಲೂ ಅದು ಸಿಗದು. ಅಮೆರಿಕದ ಜನಗಣತಿ ಮೂಲ, ವರ್ಣ, ವಯಸ್ಸು ಕೇಳುತ್ತದೆ. 'ಭಾರತೀಯ ಮೂಲ' ಎಂದು ಗುರುತು ಹಾಕಲು ಅವಕಾಶವಿದೆ. ಧರ್ಮವನ್ನು ಮಾತ್ರ ಕೇಳುವುದಿಲ್ಲ. ಧರ್ಮ ತಿಳಿಸುವಂತೆ ಯಾರನ್ನೂ ಒತ್ತಾಯಿಸಬಾರದೆಂದು ಅಲ್ಲಿ 1976ರಲ್ಲೇ ಕಾನೂನಾಗಿದೆ. ಆದ್ದರಿಂದ ಅಮೆರಿಕದಲ್ಲಿ ಇಷ್ಟು ಲಕ್ಷ ಜೈನರಿದ್ದಾರೆ ಎಂದು ಯಾರಾದರೂ ಹೇಳಿದರೆ ಅದು ಸಂಘಸಂಸ್ಥೆಗಳ ಅಂದಾಜು ಎಂದೇ ತಿಳಿಯಬೇಕು. ಅಲ್ಲಿರುವ ನಮ್ಮ ಮಕ್ಕಳು ಸ್ಥಳೀಯ ಜೈನ ಕೇಂದ್ರದಲ್ಲಿ ಕುಟುಂಬದ ಹೆಸರು ನೋಂದಾಯಿಸಿದರೆ ಆ ಅಂದಾಜು ನಿಜಕ್ಕೆ ಹತ್ತಿರವಾಗುತ್ತದೆ.

ನಮ್ಮ ದೇಶದ ಸ್ಥಿತಿ ಬೇರೆ. ಇಲ್ಲಿ ಗಣತಿಯಲ್ಲಿ ಧರ್ಮವನ್ನೂ ಕೇಳಲಾಗುತ್ತದೆ. 2011ರ ಗಣತಿಯ ಪ್ರಕಾರ ದೇಶದಲ್ಲಿ ಜೈನರು 44,51,753, ಕರ್ನಾಟಕದಲ್ಲಿ 4,40,280. 2014ರಲ್ಲಿ ಜೈನರಿಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಮಾನ್ಯತೆ ದೊರೆತ ಮೇಲೆ ಈ ಅಂಕಿಗಳ ಮಹತ್ವ ಹೆಚ್ಚಿದೆ. ಮಿಲ್ಪಿಟಾಸ್‌ನ ಜೈನ ಕುಟುಂಬಗಳಿಗೆ ಅಲ್ಲಿನ ಗಣತಿಯಲ್ಲಿ ಈ ಅವಕಾಶವಿಲ್ಲ, ನಮಗಿದೆ. ಗಣತಿದಾರರು ಮನೆಗೆ ಬಂದಾಗ ಧರ್ಮ ಯಾವುದೆಂದು ಕೇಳಿದರೆ 'ಜೈನ' ಎಂದು ಸ್ಪಷ್ಟವಾಗಿ ಹೇಳಿ, ಹಾಗೆಯೇ ಬರೆದುಕೊಂಡಿದ್ದಾರೆಯೇ ಎಂದು ನೋಡಿಕೊಳ್ಳೋಣ.