ಎರಡನೇ ಸೀಟಿನ ದುಡ್ಡು ಯಾರು ಕೊಡಬೇಕು?

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣವನ್ನು 1942ರಲ್ಲಿ, ಯುದ್ಧಕಾಲದ ಅಗತ್ಯಕ್ಕೆಂದು ಬ್ರಿಟಿಷ್ ವಾಯುಪಡೆ ಕಟ್ಟಿತು. 2017ರಲ್ಲಿ ಹೊಸ ಟರ್ಮಿನಲ್ ಬಂತು. 2019ರಿಂದ ಉಡಾನ್ ಯೋಜನೆಯಡಿ ಹೊಸ ಹೊಸ ಊರುಗಳಿಗೆ ವಿಮಾನಗಳು ಹಾರತೊಡಗಿದವು. ಅಲ್ಲಿಯವರೆಗೆ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸನ್ನೋ ರಾತ್ರಿ ಬಸ್ಸನ್ನೋ ನೆಚ್ಚಿಕೊಂಡಿದ್ದ ಕುಟುಂಬಗಳು ಈಗ ಮಗಳ ಬಾಣಂತನಕ್ಕೆ, ಮಗನ ಮನೆಯ ಗೃಹಪ್ರವೇಶಕ್ಕೆ, ಆಸ್ಪತ್ರೆ ಕೆಲಸಕ್ಕೆ ವಿಮಾನದಲ್ಲಿ ಹೋಗುತ್ತವೆ. ಖಾನಾಪುರದ ಹಳ್ಳಿಗಳಿಂದ ಬಂದು ಮೊದಲ ಸಲ ವಿಮಾನ ಹತ್ತುವವರೂ ಇವರಲ್ಲಿದ್ದಾರೆ.

ಮೈ ದಪ್ಪ ಇರುವವರಿಗೆ ಈ ಸಂಭ್ರಮದ ಜೊತೆಗೆ ಒಂದು ಅಳುಕೂ ಇರುತ್ತದೆ: “ಸೀಟಿನ್ಯಾಗ ಹಿಡಸ್ತೀನೋ ಇಲ್ಲೋ? ಎರಡ ಟಿಕೀಟ ತಗೋಬೇಕೇನು?” ಸಂಕೋಚದಿಂದ ಯಾರನ್ನೂ ಕೇಳುವುದಿಲ್ಲ. ಕೇಳದೇ ಇರುವುದರಿಂದ ತಪ್ಪು ತಿಳಿವಳಿಕೆಗಳು ಹಾಗೇ ಬೆಳೆಯುತ್ತವೆ. ಅವುಗಳನ್ನು ಒಂದೊಂದಾಗಿ ನೋಡೋಣ.

1. ತಪ್ಪು ಕಲ್ಪನೆ: ತೂಕ ಹೆಚ್ಚಾದರೆ ಇಂಧನವೂ ಹೆಚ್ಚು ಬೇಕು. ಆದ್ದರಿಂದ ಎರಡು ಟಿಕೆಟ್ ಕೇಳುವುದು ನ್ಯಾಯ.

ವಾಸ್ತವ: ಲೆಕ್ಕ ಹಾಕಿದರೆ ಈ ವಾದ ನಿಲ್ಲುವುದಿಲ್ಲ. ಹೆಚ್ಚುವರಿ ತೂಕವನ್ನು ಒಂದು ಗಂಟೆ ಹೊತ್ತು ಹಾರಲು ಆ ತೂಕದ ಶೇ 3ರಿಂದ 4ರಷ್ಟು ಇಂಧನ ಬೇಕು ಎಂಬುದು ವಿಮಾನಯಾನದಲ್ಲಿ ಬಳಕೆಯಲ್ಲಿರುವ ಅಂದಾಜು. ಒಬ್ಬರು ಇನ್ನೊಬ್ಬರಿಗಿಂತ 30 ಕೆ.ಜಿ. ಹೆಚ್ಚು ತೂಗುತ್ತಾರೆ ಎನ್ನೋಣ. ಒಂದು ಗಂಟೆಯ ಹಾರಾಟಕ್ಕೆ ತಗಲುವ ಹೆಚ್ಚುವರಿ ಇಂಧನ ಹೆಚ್ಚೆಂದರೆ 1.2 ಕೆ.ಜಿ., ಅಂದರೆ ಒಂದೂವರೆ ಲೀಟರ್. ಅದರ ಬೆಲೆ ಇನ್ನೂರು ರೂಪಾಯಿಯನ್ನೂ ಮುಟ್ಟದು. ಎರಡನೇ ಟಿಕೆಟ್ಟಿಗೋ ಸಾವಿರಗಟ್ಟಲೆ ತೆರಬೇಕು. ಇಂಡಿಗೋ ಬಳಸುವ ಎಟಿಆರ್ 72 ವಿಮಾನ ನೆಲ ಬಿಡುವಾಗ ಸುಮಾರು 23 ಟನ್‌ವರೆಗೆ ತೂಗಬಹುದು. ಅದರ ಮುಂದೆ 30 ಕೆ.ಜಿ. ಎಷ್ಟರದು?

ಎರಡನೇ ಸೀಟಿನ ಪ್ರಶ್ನೆ ಹುಟ್ಟುವುದು ಅಗಲದಿಂದ, ತೂಕದಿಂದಲ್ಲ. ಸಾಮಾನ್ಯ ದರ್ಜೆಯ ಸೀಟಿನ ಅಗಲ 17–18 ಇಂಚು. ಬೆಳಗಾವಿಯ ತಾಲೀಮಿನಲ್ಲಿ ಪಳಗಿದ ನೂರು ಕೆ.ಜಿ. ಮೀರಿದ ಎತ್ತರದ ಪೈಲ್ವಾನನಿಗೆ ಭುಜಕ್ಕೆ ಜಾಗ ಸಾಲದೆ ಹೋಗಬಹುದು, ಸೊಂಟದ ಸಮಸ್ಯೆ ಬಾರದಿರಬಹುದು. ಎಂಬತ್ತೈದು ಕೆ.ಜಿ.ಯ ಗಿಡ್ಡ ಹೆಂಗಸಿಗೆ ಆರ್ಮ್‌ರೆಸ್ಟ್ ಇಳಿಸಲು ಕಷ್ಟವಾಗಬಹುದು. ತಕ್ಕಡಿ ನೋಡಿ ಇವರಲ್ಲಿ ಯಾರಿಗೆ ಎರಡನೇ ಸೀಟು ಬೇಕೆಂದು ಹೇಳಲಾಗದು.

2. ತಪ್ಪು ಕಲ್ಪನೆ: ಲಗೇಜು 15 ಕೆ.ಜಿ. ಮೀರಿದರೆ ದುಡ್ಡು ಕೊಡುತ್ತೇವೆ. ದೇಹಕ್ಕೂ ಅದೇ ನಿಯಮ ಇರಲಿ.

ವಾಸ್ತವ: ಲಗೇಜನ್ನು ಮನೆಯಲ್ಲಿ ಬಿಟ್ಟು ಬರಬಹುದು, ಕೊರಿಯರ್‌ನಲ್ಲಿ ಕಳಿಸಬಹುದು. ದೇಹವನ್ನು ಬಿಟ್ಟು ಬರಲು ಯಾರಿಗೂ ಆಗದು. ಟಿಕೆಟ್ ಕೊಳ್ಳುವುದೇ ಒಬ್ಬ ಮನುಷ್ಯನನ್ನು ಒಂದು ಊರಿನಿಂದ ಇನ್ನೊಂದು ಊರಿಗೆ ಮುಟ್ಟಿಸಲು.

ಕೆ.ಜಿ. ಲೆಕ್ಕ ನಿಜಕ್ಕೂ ಮುಖ್ಯವಾಗುವ ಕಡೆಗಳೂ ಇವೆ. ಕೇದಾರನಾಥ ಯಾತ್ರೆಯ ಹೆಲಿಕಾಪ್ಟರಿನಲ್ಲಿ ಪ್ರಯಾಣಿಕರನ್ನು ತೂಗುತ್ತಾರೆ, 80 ಕೆ.ಜಿ. ಮೀರಿದರೆ ಹೆಚ್ಚುವರಿ ಶುಲ್ಕ ಪಡೆಯುತ್ತಾರೆ. ಐದಾರು ಜನ ಕೂರುವ ಯಂತ್ರ, ಎತ್ತರದ ತೆಳು ಗಾಳಿ. ಅಲ್ಲಿ ಒಬ್ಬೊಬ್ಬರ ತೂಕವೂ ಲೆಕ್ಕಕ್ಕೆ ಬರುತ್ತದೆ. 2013ರಲ್ಲಿ ಪೆಸಿಫಿಕ್ ದ್ವೀಪದ ಸಮೋವಾ ಏರ್ ಕೂಡ ಪ್ರಯಾಣಿಕರ ತೂಕಕ್ಕೆ ತಕ್ಕ ದರ ಇಟ್ಟಿತು. ಅದರದೂ ಕೆಲವೇ ಜನ ಕೂರುವ ಪುಟ್ಟ ವಿಮಾನಗಳು. 50, 78 ಅಥವಾ 180 ಜನ ಕೂರುವ ವಿಮಾನಕ್ಕೆ ಆ ತರ್ಕವನ್ನು ತಂದು ಹಚ್ಚುವುದು ಸರಿಯಲ್ಲ.

3. ತಪ್ಪು ಕಲ್ಪನೆ: ದಪ್ಪ ಇರುವವರು ಕೂತರೆ ವಿಮಾನದ ಸಮತೋಲನ ತಪ್ಪುತ್ತದೆ. ಅದಕ್ಕೇ ಸಿಬ್ಬಂದಿ ಸೀಟು ಬದಲಿಸಲು ಹೇಳುತ್ತಾರೆ.

ವಾಸ್ತವ: ದೊಡ್ಡ ವಿಮಾನಗಳಲ್ಲಿ ಒಬ್ಬೊಬ್ಬರನ್ನೂ ತೂಗುವುದಿಲ್ಲ, ನಿಯಂತ್ರಕರು ಒಪ್ಪಿದ ಸರಾಸರಿ ತೂಕವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಯುರೋಪಿನ ನಿಯಮದಲ್ಲಿ ಇದು ಕೈಚೀಲವೂ ಸೇರಿ ವಯಸ್ಕರಿಗೆ 84 ಕೆ.ಜಿ. ಕೆಲವರು ಹೆಚ್ಚಿದ್ದರೆ ಕೆಲವರು ಕಡಿಮೆ ಇರುತ್ತಾರೆ, ಒಟ್ಟಿನಲ್ಲಿ ಸರಿಹೋಗುತ್ತದೆ. ಆದರೆ ಜನರ ತೂಕ ಬದಲಾದಂತೆ ಸರಾಸರಿಯೂ ಬದಲಾಗಬೇಕು. 2003ರ ಜನವರಿಯಲ್ಲಿ ಅಮೆರಿಕದ ಷಾರ್ಲಟ್‌ನಲ್ಲಿ ಚಿಕ್ಕ ವಿಮಾನವೊಂದು ಬಿದ್ದು ಅದರಲ್ಲಿದ್ದ 21 ಜನರೂ ಸತ್ತರು. ನಿರ್ವಹಣೆಯಲ್ಲಿ ಆದ ತಪ್ಪು ಮತ್ತು ಹಿಂಭಾಗಕ್ಕೆ ಜಾಸ್ತಿಯಾದ ಭಾರ ಎರಡೂ ಕಾರಣ ಎಂದು ತನಿಖೆ ಹೇಳಿತು. ಹಳೆಯ ಸರಾಸರಿಗಳು ಕಾಲಕ್ಕೆ ಹೊಂದುತ್ತಿಲ್ಲವೆಂದು ಅಲ್ಲಿಯ ನಿಯಂತ್ರಕರು ಅವನ್ನು ಏರಿಸಿದರು. 2024ರಲ್ಲಿ ಫಿನ್‌ಏರ್ ಸ್ವಇಚ್ಛೆಯಿಂದ ಮುಂದೆ ಬಂದ ಪ್ರಯಾಣಿಕರನ್ನು ತೂಗಿದ್ದೂ ಸರಾಸರಿಯನ್ನು ಸರಿಪಡಿಸಲಿಕ್ಕೇ, ಶುಲ್ಕಕ್ಕಾಗಿ ಅಲ್ಲ.

ಸಾಂಬ್ರಾ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ರನ್‌ವೇ 2,300 ಮೀಟರ್ ಉದ್ದ. ಎತ್ತರದ ಜಾಗದಲ್ಲಿ, ಏಪ್ರಿಲ್–ಮೇ ಬಿಸಿಲಿನಲ್ಲಿ ಗಾಳಿ ತೆಳುವಾಗಿ ವಿಮಾನ ಹೊರಬಲ್ಲ ಭಾರ ಕಡಿಮೆಯಾಗುತ್ತದೆ. ಅದನ್ನು ಪೈಲಟ್ ಮೊದಲೇ ಲೆಕ್ಕ ಹಾಕಿರುತ್ತಾರೆ. ಎಟಿಆರ್‌ನಂಥ ವಿಮಾನದಲ್ಲಿ ಸೀಟುಗಳು ಅರ್ಧ ಖಾಲಿ ಇದ್ದಾಗ ಕೆಲವರನ್ನು ಹಿಂದಕ್ಕೋ ಮುಂದಕ್ಕೋ ಕೂರಿಸುವುದು ಒಟ್ಟು ಭಾರ ಹಿಂದೆ ಮುಂದೆ ಸರಿಯಾಗಿ ಹಂಚಿಹೋಗಲಿ ಎಂದು. ಇಪ್ಪತ್ತು ವರ್ಷದ ಸಪೂರ ಹುಡುಗನಿಗೂ ಹಾಗೆ ಹೇಳುತ್ತಾರೆ, ಅದನ್ನು ಅವಮಾನವೆಂದು ತಿಳಿಯಬೇಕಿಲ್ಲ.

4. ತಪ್ಪು ಕಲ್ಪನೆ: ಬೆಲ್ಟ್ ಸಾಲದಿದ್ದರೆ ಕೆಳಗಿಳಿಸಿ ಕಳಿಸುತ್ತಾರೆ.

ವಾಸ್ತವ: ಬೆಲ್ಟಿಗೆ ಜೋಡಿಸುವ ತುಂಡು ಬೆಲ್ಟ್, ಅಂದರೆ ಎಕ್ಸ್‌ಟೆಂಡರ್, ವಿಮಾನದಲ್ಲೇ ಇರುತ್ತದೆ. ಅದಕ್ಕೆ ದುಡ್ಡಿಲ್ಲ. ಹತ್ತುವಾಗಲೇ ಸಿಬ್ಬಂದಿಗೆ ಮೆಲ್ಲಗೆ ಹೇಳಿದರೆ ತಂದುಕೊಡುತ್ತಾರೆ. ಅಂಗಡಿಯಲ್ಲಿ ಕೊಂಡದ್ದನ್ನು ಒಯ್ಯಬೇಡಿ, ಅದನ್ನು ಬಳಸಲು ಬಿಡುವುದಿಲ್ಲ. ಎಕ್ಸ್‌ಟೆಂಡರ್ ಹಾಕಿಕೊಂಡವರನ್ನು ತುರ್ತು ನಿರ್ಗಮನದ ಸಾಲಿನಲ್ಲಿ ಕೂರಿಸುವುದಿಲ್ಲ, ಆ ಸಾಲನ್ನು ಆರಿಸಿಕೊಳ್ಳಬೇಡಿ.

5. ತಪ್ಪು ಕಲ್ಪನೆ: ತಿಂದು ದಪ್ಪಗಾದವರು ತಾವೇ ತೆರಲಿ. ಜೇಬಿಗೆ ಬಿಸಿ ಮುಟ್ಟಿದರೆ ಇಳಿಸಿಕೊಳ್ಳುತ್ತಾರೆ.

ವಾಸ್ತವ: ಬೊಜ್ಜು ದೀರ್ಘಕಾಲದ ಕಾಯಿಲೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಆನುವಂಶಿಕತೆ, ಥೈರಾಯ್ಡ್, ಪಿಸಿಓಎಸ್, ಸ್ಟೀರಾಯ್ಡ್ ಮತ್ತು ಇನ್ಸುಲಿನ್‌ನಂಥ ಔಷಧಿಗಳು, ಮೊಣಕಾಲು ನೋವಿನಿಂದ ನಡೆಯಲಾಗದ ಸ್ಥಿತಿ, ನಿದ್ದೆಗೇಡು ಇವೆಲ್ಲ ಅದರ ಹಿಂದಿರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹೆಂಗಸರಲ್ಲೂ ಗಂಡಸರಲ್ಲೂ ಸುಮಾರು ಶೇ 30ರಷ್ಟು ಜನರ ತೂಕ ಇರಬೇಕಾದ್ದಕ್ಕಿಂತ ಹೆಚ್ಚು. ಇವರಲ್ಲಿ ಬಹುಪಾಲು ಜನ ಒಂದೇ ಸೀಟಿನಲ್ಲಿ ನೆಮ್ಮದಿಯಾಗಿ ಕೂರುತ್ತಾರೆ. ಇನ್ನೊಂದು ಸೀಟು ಬೇಕಾಗುವವರು ತೀರಾ ಕಡಿಮೆ. ಟಿಕೆಟ್ ದರ ಏರಿಸಿ ಯಾರ ಕಾಯಿಲೆಯನ್ನೂ ವಾಸಿ ಮಾಡಲಾಗದು. ಅದರಿಂದ ಅವರು ಮನೆಯಲ್ಲೇ ಉಳಿಯುತ್ತಾರೆ, ಕೆಲವೊಮ್ಮೆ ಹೋಗಲೇಬೇಕಾದ ಆಸ್ಪತ್ರೆಗೂ ಹೋಗದೆ ಉಳಿಯುತ್ತಾರೆ.

6. ತಪ್ಪು ಕಲ್ಪನೆ: ಹಾಗಾದರೆ ಪಕ್ಕದವರೇ ಹೊಂದಿಕೊಳ್ಳಲಿ.

ವಾಸ್ತವ: ಇದೂ ಅಷ್ಟೇ ದೊಡ್ಡ ತಪ್ಪು. ಬೆಳಗಾವಿ–ಖಾನಾಪುರ ಬಸ್ಸಿನಲ್ಲಿ ಮೂವರ ಸೀಟಿಗೆ ನಾಲ್ಕನೆಯವರು ಬಂದರೆ “ಸ್ವಲ್ಪ ಸರ್ಕೊಳ್ರೀ” ಅಂದರೆ ಸಾಕು, ಎಲ್ಲರೂ ಸರಿಯುತ್ತಾರೆ. ವಿಮಾನದಲ್ಲಿ ಸರಿಯಲು ಜಾಗವಿಲ್ಲ. ಅಲ್ಲಿ ಒಬ್ಬರಿಗೆ ಒಂದು ಸೀಟು, ಒಂದು ಬೆಲ್ಟ್. ಪಕ್ಕದವರೂ ಇಡೀ ಸೀಟಿಗೆ ದುಡ್ಡು ಕೊಟ್ಟಿದ್ದಾರೆ. ದಿಲ್ಲಿಯವರೆಗೆ ಎರಡು ಗಂಟೆಗೂ ಮೀರಿ ಮುದುಡಿ ಕೂರಬೇಕಾದರೆ ಅವರಿಗೂ ಅನ್ಯಾಯವೇ.

ಆದರೆ ಆ ಅನ್ಯಾಯ ಮಾಡಿದ್ದು ಪಕ್ಕದ ದಪ್ಪ ಮನುಷ್ಯನಲ್ಲ. ಅವರಿಗೂ ಸಾಲದ ಸೀಟನ್ನು, ಅದರ ಅಗಲ ಹೇಳದೆ, ವಿಮಾನಯಾನ ಸಂಸ್ಥೆ ಮಾರಿದೆ. ಸೀಟಿನ ಅಳತೆ ನಿರ್ಧರಿಸಿದ್ದು ಅದು, ಸಾಲಿಗೆ ಎಷ್ಟು ಸೀಟು ಎಂದು ತೀರ್ಮಾನಿಸಿದ್ದು ಅದು. ಇಬ್ಬರು ಪ್ರಯಾಣಿಕರೂ ಒಬ್ಬರನ್ನೊಬ್ಬರು ದೂರಿಕೊಳ್ಳುತ್ತ ಕೂತರೆ ನಿಜವಾಗಿ ಉತ್ತರಿಸಬೇಕಾದವರು ಪಾರಾಗುತ್ತಾರೆ.

7. ತಪ್ಪು ಕಲ್ಪನೆ: ಜಗತ್ತಿನಲ್ಲೆಲ್ಲ ಎರಡು ಟಿಕೆಟ್ ಕಡ್ಡಾಯ. ಬಿಟ್ಟಿ ಕೊಟ್ಟರೆ ಕಂಪನಿ ಮುಳುಗುತ್ತದೆ.

ವಾಸ್ತವ: ಕೆನಡಾದ ಸಾರಿಗೆ ಪ್ರಾಧಿಕಾರ 2008ರ ಜನವರಿಯಲ್ಲಿ ‘ಒಬ್ಬರಿಗೆ ಒಂದೇ ದರ’ ಎಂದು ಆದೇಶ ಮಾಡಿತು. ಅಂಗವೈಕಲ್ಯದಿಂದ ಜೊತೆಗೊಬ್ಬರು ಬೇಕಾದವರಿಗೂ, ಬೊಜ್ಜಿನಿಂದಾಗಿ ಒಂದು ಸೀಟು ಸಾಲದವರಿಗೂ ದೇಶದೊಳಗಿನ ಹಾರಾಟದಲ್ಲಿ ಎರಡನೇ ಸೀಟಿಗೆ ದರ ಪಡೆಯುವಂತಿಲ್ಲ. ಕಂಪನಿಗಳು ಮೇಲ್ಮನವಿಗೆ ಹೋದವು, ಅದೇ ವರ್ಷದ ನವೆಂಬರಿನಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಅದನ್ನು ಕೇಳಲು ಒಪ್ಪಲಿಲ್ಲ. ಇದರಿಂದ ಬೀಳುವ ಹೊರೆಯನ್ನು ಎಲ್ಲ ಟಿಕೆಟ್‌ಗಳಿಗೆ ಹಂಚಿದರೆ ಏರ್ ಕೆನಡಾದಲ್ಲಿ ಟಿಕೆಟ್ಟಿಗೆ ಸುಮಾರು 77 ಸೆಂಟ್, ವೆಸ್ಟ್‌ಜೆಟ್‌ನಲ್ಲಿ 44 ಸೆಂಟ್ ಆಗುತ್ತದೆಂದು ಪ್ರಾಧಿಕಾರ ಅಂದಾಜಿಸಿತ್ತು. ಅಂದರೆ ಒಂದು ಡಾಲರಿಗಿಂತಲೂ ಕಡಿಮೆ.

ಅಮೆರಿಕದಲ್ಲಿ ಹಾಗಿಲ್ಲ. ಒಂದು ಟಿಕೆಟ್ಟಿಗೆ ಒಂದಕ್ಕಿಂತ ಹೆಚ್ಚು ಸೀಟು ಕೊಡುವ ಬಾಧ್ಯತೆ ಇಲ್ಲವೆಂದು ಅಲ್ಲಿಯ ನಿಯಮವೇ ಹೇಳುತ್ತದೆ. ವರ್ಷಗಳ ಕಾಲ ಉದಾರವಾಗಿದ್ದ ಸೌತ್‌ವೆಸ್ಟ್ ಕೂಡ 2026ರ ಜನವರಿಯಿಂದ ಎರಡನೇ ಸೀಟನ್ನು ಮೊದಲೇ ಕೊಳ್ಳಬೇಕೆಂದೂ ಕೆಲವು ಷರತ್ತು ಪೂರೈಸಿದರೆ ಮಾತ್ರ ಹಣ ಮರಳಿಸುವುದಾಗಿಯೂ ನಿಯಮ ಬಿಗಿ ಮಾಡಿತು. ದಾರಿಗಳು ಎರಡೂ ಇವೆ, ಯಾವುದನ್ನು ಹಿಡಿಯಬೇಕೆಂಬುದು ಸಮಾಜದ ಆಯ್ಕೆ.

ನಮ್ಮಲ್ಲಿ ಕೆನಡಾದಂಥ ಆದೇಶ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸುವ 21 ವೈಕಲ್ಯಗಳಲ್ಲಿ ಬೊಜ್ಜು ಸೇರಿಲ್ಲ. ಆದರೆ ಅದೇ ವರ್ಷ, ವೈಕಲ್ಯವುಳ್ಳ ಪ್ರಯಾಣಿಕರೊಬ್ಬರನ್ನು ವಿಮಾನದಿಂದ ಕೆಳಗಿಳಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 10 ಲಕ್ಷ ರೂಪಾಯಿ ಪರಿಹಾರ ಕೊಡಿಸಿ, ಪ್ರಯಾಣಿಕರ ಘನತೆ ದೊಡ್ಡದೆಂದು ಎತ್ತಿಹಿಡಿಯಿತು. ಎರಡನೇ ಸೀಟನ್ನು ಅಗ್ಗವಾಗಿ ಕೊಡಲು ಬರುತ್ತದೆ ಎಂಬುದಕ್ಕೂ ಇಲ್ಲೇ ಉದಾಹರಣೆ ಇದೆ. ಕೋವಿಡ್ ಕಾಲದಲ್ಲಿ, 2020ರ ಜುಲೈನಲ್ಲಿ, ಇಂಡಿಗೋ ಒಬ್ಬರಿಗೇ ಎರಡು ಸೀಟು ಕಾದಿರಿಸುವ ಸೌಲಭ್ಯ ತಂದಾಗ ಎರಡನೆಯದಕ್ಕೆ ಕೇಳಿದ್ದು ಮೂಲ ಟಿಕೆಟ್ಟಿನ ಶೇ 25ರವರೆಗೆ ಮಾತ್ರ. ಸೋಂಕಿನ ಭಯಕ್ಕೆ ಸಾಧ್ಯವಾದದ್ದು ದೇಹದ ಅಗತ್ಯಕ್ಕೂ ಸಾಧ್ಯವಾಗಬೇಕು.

ಬೆಳಗಾವಿಯಿಂದ ಹೊರಡುವವರಿಗೆ

ಟಿಕೆಟ್ ಕೊಳ್ಳುವ ಮೊದಲು ಯಾವ ವಿಮಾನ ಎಂದು ನೋಡಿಕೊಳ್ಳಿ. ಸ್ಟಾರ್ ಏರ್‌ನ 50 ಸೀಟಿನ ಎಂಬ್ರೇಯರ್ 145ರಲ್ಲಿ ಒಂದು ಬದಿಗೆ ಒಂಟಿ ಸೀಟಿನ ಸಾಲಿದೆ. ಅಲ್ಲಿ ಪಕ್ಕದವರ ಪ್ರಶ್ನೆಯೇ ಬರುವುದಿಲ್ಲ. ಎಟಿಆರ್‌ನಲ್ಲಿ ಸಾಲಿಗೆ ಎರಡೆರಡು, ನಡುವಿನ ಸೀಟಿಲ್ಲ. ಏರ್‌ಬಸ್ 320ರಲ್ಲಿ ಮೂರು ಮೂರು; ನಡುವಿನದನ್ನು ಬಿಟ್ಟು ಕಿಟಕಿಯ ಕಡೆಯದನ್ನು ಆರಿಸಿ. ಸಹಾಯ ಬೇಕಿದ್ದರೆ ಕನಿಷ್ಠ 48 ಗಂಟೆ ಮುಂಚೆ ಸಂಸ್ಥೆಗೆ ತಿಳಿಸಿ. ಚೆಕ್-ಇನ್ ಕೌಂಟರಿನಲ್ಲಿ ಪಕ್ಕದ ಸೀಟು ಖಾಲಿ ಇದೆಯೇ ಎಂದು ಕೇಳಿ. ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ.

ನಾವು ಕೇಳಬೇಕಾದ್ದು

ಪ್ರತಿ ಟಿಕೆಟ್ಟಿನ ಜೊತೆ ಸೀಟಿನ ಅಗಲವನ್ನು ಇಂಚಿನಲ್ಲಿ ನಮೂದಿಸಬೇಕು. ಸೀಟು ಖಾಲಿ ಇದ್ದರೆ ಪಕ್ಕದ್ದನ್ನು ದುಡ್ಡಿಲ್ಲದೆ ಬಿಟ್ಟುಕೊಡಬೇಕು. ವೈದ್ಯರು ಬರೆದುಕೊಟ್ಟ ಅಗತ್ಯವಿದ್ದರೆ ವಿಮಾನ ತುಂಬಿದ್ದರೂ ಎರಡನೇ ಸೀಟಿಗೆ ದರ ಇರಬಾರದು. ಮಾತು ಏನೇ ಇದ್ದರೂ ಬುಕಿಂಗ್ ವೇಳೆಯೇ ಆಗಬೇಕು, ಬೋರ್ಡಿಂಗ್ ಗೇಟಿನಲ್ಲಿ ನೂರು ಜನರ ಎದುರು ಅಲ್ಲ. ಪಕ್ಕದವರಿಗೆ ತೊಂದರೆಯಾದರೆ ಬೇರೆ ಸೀಟನ್ನೋ ಪರಿಹಾರವನ್ನೋ ಕೊಡುವ ಹೊಣೆ ಸಂಸ್ಥೆಯದಾಗಬೇಕು. ಈ ನಿಯಮಗಳನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಎಲ್ಲ ಸಂಸ್ಥೆಗಳಿಗೂ ಒಂದೇ ರೀತಿ ಮಾಡಬೇಕು.

ಕೆಲವೇ ಜನರಿಗೆ ಬೇಕಾದ ಈ ಜಾಗದ ಖರ್ಚನ್ನು ಎಲ್ಲರಿಗೂ ಹಂಚಿದರೆ ಯಾರಿಗೂ ಭಾರವಾಗದು ಎಂದು ಕೆನಡಾದ ಲೆಕ್ಕ ತೋರಿಸಿದೆ. ಅದೇ ಖರ್ಚನ್ನು ಒಬ್ಬರ ಮೇಲೆ ಹೇರಿದರೆ ಅವರ ಪ್ರಯಾಣವೇ ನಿಂತುಹೋಗುತ್ತದೆ. ಉಡಾನ್‌ನಡಿ ಸರ್ಕಾರದ ಸಹಾಯಧನ ಪಡೆದು ಸಾಮಾನ್ಯ ಜನರಿಗೆಂದು ಶುರುವಾದ ಮಾರ್ಗಗಳಲ್ಲಿ ಹೀಗಾಗಬಾರದು. ಎರಡನೇ ಸೀಟಿನ ದುಡ್ಡು ದಪ್ಪ ಇರುವವರ ಹೆಗಲಿಗೂ ಬೀಳಬಾರದು, ಪಕ್ಕದವರ ಸಹನೆಯ ಮೇಲೂ ಬೀಳಬಾರದು. ಅದನ್ನು ಸೀಟು ಮಾರುವವರೇ ಹೊರಬೇಕು.